ಪವರ್ ಆಫ್ ಅಟಾರ್ನಿ: ಬರೆಸುವುದು, ನೋಂದಾಯಿಸುವುದು, ಬಳಸುವುದು, ರದ್ದು ಮಾಡುವುದು

ಬೆಂಗಳೂರಿನ ಮನೆಗಳಲ್ಲಿ ಪವರ್ ಆಫ್ ಅಟಾರ್ನಿಯ ಮಾತು ಬರುವುದು ಹೆಚ್ಚಾಗಿ ಮೂರು ಸಂದರ್ಭಗಳಲ್ಲಿ. ಹೊರದೇಶದಲ್ಲಿರುವ ಮಗನೋ ಮಗಳೋ ಇಲ್ಲಿನ ಫ್ಲ್ಯಾಟ್ ಮಾರಬೇಕಿರುತ್ತದೆ. ವಯಸ್ಸಾದ ತಂದೆತಾಯಿಗೆ ಬ್ಯಾಂಕು, ಕಚೇರಿ ಅಲೆಯಲು ಆಗುತ್ತಿರುವುದಿಲ್ಲ. ಅಥವಾ ಅಣ್ಣತಮ್ಮಂದಿರ ಜಂಟಿ ಆಸ್ತಿಯ ಓಡಾಟವನ್ನು ಒಬ್ಬರೇ ಮಾಡಬೇಕಾಗಿರುತ್ತದೆ. ಮೂರಕ್ಕೂ ಬೇಕಾದ ಪತ್ರ ಬೇರೆ ಬೇರೆ. ಆದರೆ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ಒಂದೇ ನಮೂನೆ, ಹೆಸರು ವಿಳಾಸ ಬದಲಿಸಿ ಕೊಟ್ಟುಬಿಡುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

ಈ ಪತ್ರ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ

ನಿಮ್ಮ ಹೆಸರಿನಲ್ಲಿ, ನಿಮ್ಮ ಪರವಾಗಿ ಇನ್ನೊಬ್ಬರು ಕೆಲಸ ಮಾಡಲು ಕೊಡುವ ಲಿಖಿತ ಅಧಿಕಾರವೇ ಪವರ್ ಆಫ್ ಅಟಾರ್ನಿ. ಹಳೆಯ ಪತ್ರಗಳಲ್ಲಿ ಇದನ್ನೇ ಮುಖ್ತ್ಯಾರನಾಮೆ ಎನ್ನುತ್ತಿದ್ದರು. ಇದಕ್ಕೆ 1882ರ ಪವರ್ಸ್ ಆಫ್ ಅಟಾರ್ನಿ ಕಾಯಿದೆ ಇದೆ. ಆದರೆ ಅದು ತೀರಾ ಚಿಕ್ಕದು. ಅಧಿಕಾರ ಕೊಟ್ಟವರ ಮತ್ತು ಪಡೆದವರ ನಡುವಿನ ಹಕ್ಕು, ಹೊಣೆ, ಅಂತ್ಯ ಎಲ್ಲವೂ 1872ರ ಕರಾರು ಕಾಯಿದೆಯ ಏಜೆನ್ಸಿ ಅಧ್ಯಾಯದಲ್ಲಿವೆ.

ಮಾಲೀಕತ್ವ ಈ ಪತ್ರದಿಂದ ಕೈ ಬದಲಾಗುವುದಿಲ್ಲ. ಪತ್ರ ಹಿಡಿದವರು ಎಷ್ಟು ವರ್ಷ ಕಂದಾಯ ಕಟ್ಟಿದರೂ, ಮನೆಯಲ್ಲೇ ವಾಸವಿದ್ದರೂ ಆಸ್ತಿ ಕೊಟ್ಟವರದೇ. ಕೊಟ್ಟವರು ತೀರಿಕೊಂಡ ದಿನ, ಅಥವಾ ಅವರ ಮಾನಸಿಕ ಸ್ವಾಧೀನ ತಪ್ಪಿದ ದಿನ, ಅಧಿಕಾರವೂ ಮುಗಿಯಿತು. ಕರಾರು ಕಾಯಿದೆಯ 201ನೇ ಕಲಂ ಹೇಳುವುದು ಇದನ್ನೇ. ಪತ್ರ ಪಡೆದವರು ತೀರಿಕೊಂಡರೂ ಅಷ್ಟೇ, ಅದು ಅವರ ಮಕ್ಕಳಿಗೆ ಇಳಿದು ಬರುವುದಿಲ್ಲ.

ಕೆಲವು ಕೆಲಸಗಳನ್ನು ಯಾವ ಪವರ್ ಆಫ್ ಅಟಾರ್ನಿಯಿಂದಲೂ ಮಾಡಿಸಲಾಗದು. ನಿಮ್ಮ ಪರವಾಗಿ ಇನ್ನೊಬ್ಬರು ಉಯಿಲು ಬರೆಯುವಂತಿಲ್ಲ. ನಿಮಗೆ ಮಾತ್ರ ಗೊತ್ತಿರುವ ಸಂಗತಿಯ ಬಗ್ಗೆ ಕೋರ್ಟಿನಲ್ಲಿ ನಿಮ್ಮ ಬದಲಿಗೆ ಸಾಕ್ಷಿ ಹೇಳುವಂತಿಲ್ಲ. ಹೋಲ್ಡರ್, ಅಂದರೆ ಪತ್ರ ಪಡೆದವರು, ತಾವೇ ಮಾಡಿದ ಕೆಲಸದ ಬಗ್ಗೆ ಮಾತ್ರ ಸಾಕ್ಷಿ ನುಡಿಯಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗೆಯೇ, ಪಡೆದ ಅಧಿಕಾರವನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ. ಪತ್ರದಲ್ಲಿ ಅದಕ್ಕೆ ಒಪ್ಪಿಗೆ ಬರೆದಿದ್ದರೆ ಮಾತ್ರ ಉಂಟು.

ಜಿಪಿಎ ಬೇಕೋ, ಎಸ್‌ಪಿಎ ಸಾಕೋ

ಒಂದೇ ಕೆಲಸಕ್ಕಾದರೆ ಎಸ್‌ಪಿಎ, ಅಂದರೆ ಸ್ಪೆಷಲ್ ಪವರ್. ಈಗಾಗಲೇ ಬೆಲೆ ಕುದುರಿದ ಫ್ಲ್ಯಾಟಿನ ಕ್ರಯಪತ್ರಕ್ಕೆ ಸಹಿ ಹಾಕುವುದು, ಒಂದು ಕೇಸು ನಡೆಸುವುದು, ಖಾತಾ ಮಾಡಿಸುವುದು ಇಂಥವಕ್ಕೆ ಇದೇ ಸರಿ. ಬಾಡಿಗೆ ವಸೂಲಿ, ತೆರಿಗೆ, ರಿಪೇರಿ, ಅಪಾರ್ಟ್‌ಮೆಂಟ್ ಸಂಘದ ವ್ಯವಹಾರ ಎಂದು ವರ್ಷಗಟ್ಟಲೆ ನಡೆಯುವ ಕೆಲಸಕ್ಕೆ ಜಿಪಿಎ, ಅಂದರೆ ಜನರಲ್ ಪವರ್.

ನಮ್ಮ ಖಚಿತ ಸಲಹೆ: ಮಾರುವ ಅಧಿಕಾರವನ್ನೂ ನಿರ್ವಹಣೆಯ ಅಧಿಕಾರವನ್ನೂ ಒಂದೇ ಪತ್ರದಲ್ಲಿ ಸೇರಿಸಬೇಡಿ. ನಿರ್ವಹಣೆಯ ಜಿಪಿಎ ಹತ್ತು ಕಡೆ ತೋರಿಸುವ ಪತ್ರ. ಅದರ ಜೆರಾಕ್ಸ್ ಬಾಡಿಗೆದಾರರ ಬಳಿ, ಬ್ರೋಕರ್ ಬಳಿ, ಸಂಘದ ಕಚೇರಿಯಲ್ಲಿ ಉಳಿದಿರುತ್ತದೆ. ಅಂಥ ಪತ್ರದೊಳಗೆ ಮಾರಾಟದ ಅಧಿಕಾರ ಕೂತಿರಬಾರದು.

ಯಾರಿಗೆ ಕೊಡುವುದು ಎಂಬುದು ನಂಬಿಕೆಯ ಪ್ರಶ್ನೆ ನಿಜ, ಆದರೆ ಓಡಾಡುವ ಶಕ್ತಿ ಇರುವವರಾಗಿರಬೇಕು, ಲೆಕ್ಕ ಇಡುವವರಾಗಿರಬೇಕು. ಲೆಕ್ಕ ಕೇಳಿದಾಗ ಒಪ್ಪಿಸಬೇಕಾದದ್ದು ಏಜೆಂಟ್ ಆದವರ ಕಾನೂನುಬದ್ಧ ಕರ್ತವ್ಯ. ಸಂಬಂಧಿಕರೆಂಬ ಸಂಕೋಚದಿಂದ ಇದನ್ನು ಬಿಡಬೇಡಿ. ಇಬ್ಬರಿಗೆ ಕೊಡುವುದಾದರೆ ‘ಇಬ್ಬರೂ ಜಂಟಿಯಾಗಿ’ ಎಂದೋ, ‘ಇಬ್ಬರಲ್ಲಿ ಯಾರೊಬ್ಬರಾದರೂ’ ಎಂದೋ ಬರೆಯಲೇಬೇಕು. ಇದು ಬಿಟ್ಟುಹೋದರೆ ಒಬ್ಬರೇ ಹೋಗಿ ಸಹಿ ಹಾಕಿದಾಗ ಕಚೇರಿಯಲ್ಲಿ ತಕರಾರು ಬರುತ್ತದೆ.

ಕರಡು ಬರೆಯುವುದು

ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಕೋರ್ಟುಗಳು ಈ ಪತ್ರವನ್ನು ಬಿಗಿಯಾಗಿ ಓದುತ್ತವೆ. ಬರೆದಿರುವ ಅಧಿಕಾರ ಉಂಟು, ಬರೆಯದಿರುವುದು ಇಲ್ಲ. ‘ಆಸ್ತಿಗೆ ಸಂಬಂಧಿಸಿದ ಸಕಲ ಕೆಲಸಗಳನ್ನು ಮಾಡತಕ್ಕದ್ದು’ ಎಂಬ ಸಾಲು ಕೇಳಲು ಭಾರಿ, ಕೆಲಸಕ್ಕೆ ಹಗುರ. ಮೇಲೆ ಪಟ್ಟಿ ಮಾಡಿದ ಕೆಲಸಗಳಿಗೆ ಪೂರಕವಾದದ್ದನ್ನು ಮಾತ್ರ ಅದು ಒಳಗೊಳ್ಳುತ್ತದೆ. ನಿರ್ವಹಣೆಯ ಅಧಿಕಾರದಲ್ಲಿ ಮಾರಾಟ ಅಡಗಿಲ್ಲ, ಮಾರಾಟದ ಅಧಿಕಾರದಲ್ಲಿ ದಾನಪತ್ರ ಅಡಗಿಲ್ಲ. ಅಡಮಾನಕ್ಕೂ ಬೇರೆಯಾಗಿಯೇ ಬರೆಯಬೇಕು.

ಫ್ಲ್ಯಾಟ್ ಮಾರಾಟವನ್ನೇ ತೆಗೆದುಕೊಳ್ಳಿ. ‘ಮಾರಲು ಅಧಿಕಾರ ಕೊಟ್ಟಿದ್ದೇನೆ’ ಎಂದಷ್ಟೇ ಇದ್ದರೆ ಸಾಲದು. ಕ್ರಯದ ಕರಾರು ಮಾಡಿಕೊಳ್ಳುವುದು, ಕ್ರಯಪತ್ರಕ್ಕೆ ಸಹಿ ಹಾಕುವುದು, ಅದನ್ನು ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸುವುದು, ಬರೆದುಕೊಟ್ಟಿದ್ದನ್ನು ಅಲ್ಲಿ ಒಪ್ಪಿಕೊಳ್ಳುವುದು, ಸ್ವಾಧೀನ ಕೊಡುವುದು, ಖಾತಾ ಬದಲಾವಣೆಗೆ ಸಹಿ ಹಾಕುವುದು, ಬೆಸ್ಕಾಂ ಮತ್ತು ಜಲಮಂಡಳಿಯ ಸಂಪರ್ಕ ವರ್ಗಾಯಿಸುವುದು ಎಲ್ಲವನ್ನೂ ಒಂದೊಂದಾಗಿ ಬರೆಸಿ. ಗೃಹಸಾಲ ಬಾಕಿಯಿದ್ದರೆ ತೀರಿಸಿ, ಬ್ಯಾಂಕಿನಿಂದ ಮೂಲಪತ್ರ ಬಿಡಿಸಿಕೊಳ್ಳುವ ಅಧಿಕಾರವೂ ಬೇಕು. ಇದು ಬಿಟ್ಟುಹೋದ ಪತ್ರಗಳು ಬಹಳ. ಕೊನೆಯ ದಿನ ಬ್ಯಾಂಕಿನವರು ‘ನಿಮ್ಮ ಕೈಗೆ ಪತ್ರ ಕೊಡಲಾಗದು’ ಎಂದಾಗಲೇ ಗೊತ್ತಾಗುವುದು.

ಹಣದ ಸಾಲನ್ನು ಹೀಗೆ ಬರೆಸಿ: ‘ಕ್ರಯದ ಪೂರ್ತಿ ಮೊಬಲಗನ್ನು ನನ್ನ ಹೆಸರಿನಲ್ಲಿರುವ ಇಂಥ ಬ್ಯಾಂಕಿನ ಇಂಥ ಸಂಖ್ಯೆಯ ಖಾತೆಗೆ ಮಾತ್ರ ಜಮೆ ಮಾಡಿಸತಕ್ಕದ್ದು, ನಗದಾಗಲಿ, ತಮ್ಮ ಸ್ವಂತ ಹೆಸರಿನ ಚೆಕ್ಕಾಗಲಿ ಪಡೆಯುವ ಅಧಿಕಾರ ಇರುವುದಿಲ್ಲ.’ ಬೇಕಿದ್ದರೆ ಕನಿಷ್ಠ ಬೆಲೆಯನ್ನೂ ನಮೂದಿಸಬಹುದು. ಒಂದು ಸಾಲಿನ ಕೆಲಸ, ಆದರೆ ಹೋಲ್ಡರ್ ಮೇಲಿನ ಅರ್ಧ ಅನುಮಾನಗಳಿಗೆ ಜಾಗವೇ ಇರುವುದಿಲ್ಲ. ಕೊಳ್ಳುವವರಿಗೂ ಇದರಿಂದ ಧೈರ್ಯ.

ಷೆಡ್ಯೂಲಿನಲ್ಲಿ ಕ್ರಯಪತ್ರದ ಷೆಡ್ಯೂಲನ್ನು ಅಕ್ಷರಕ್ಕೆ ಅಕ್ಷರ ಇಳಿಸಿ: ಸೈಟ್ ಅಥವಾ ಫ್ಲ್ಯಾಟ್ ಸಂಖ್ಯೆ, ಖಾತಾ ಅಥವಾ ಇ-ಖಾತಾ ಸಂಖ್ಯೆ, ಅಳತೆ, ಅವಿಭಜಿತ ಭೂಭಾಗ, ಕಾರ್ ಪಾರ್ಕಿಂಗ್, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಹಳೆಯ ಕ್ರಯಪತ್ರದ ನೋಂದಣಿ ಸಂಖ್ಯೆ, ದಿನಾಂಕವೂ ಇರಲಿ. ಹೆಸರು ಆಧಾರ್, ಪ್ಯಾನ್, ಕ್ರಯಪತ್ರ, ಪಾಸ್‌ಪೋರ್ಟುಗಳಲ್ಲಿ ಒಂದೊಂದು ರೀತಿ ಇರುವುದು ನಮ್ಮಲ್ಲಿ ಮಾಮೂಲು. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಮದುವೆಯ ನಂತರ ಗಂಡನ ಹೆಸರು ಸೇರಿರುತ್ತದೆ. ‘ಆಲಿಯಾಸ್’ ಎಂದು ಎಲ್ಲ ರೂಪಗಳನ್ನೂ ಪತ್ರದಲ್ಲೇ ನಮೂದಿಸಿಬಿಡಿ.

ಅವಧಿ ಹಾಕುವುದು ಕಡ್ಡಾಯವಲ್ಲ. ಆದರೂ ಮಾರಾಟದ ಪತ್ರಕ್ಕೆ ಆರು ತಿಂಗಳೋ ಒಂದು ವರ್ಷವೋ ಎಂದು ಗಡುವು ಹಾಕುವುದು ಲೇಸು. ಹಳೆಯ ಜಿಪಿಎ ಕಂಡರೆ ಕೊಳ್ಳುವವರ ವಕೀಲರು ಹೇಗೂ ಹೊಸ ಖಾತರಿ ಕೇಳುತ್ತಾರೆ.

ಛಾಪಾ ಶುಲ್ಕ: ಸಂಬಂಧ ನೋಡಿ ದರ

ಕರ್ನಾಟಕ ಮುದ್ರಾಂಕ ಕಾಯಿದೆ, 1957ರ ಅನುಸೂಚಿಯ 41ನೇ ಬಾಬು ಪವರ್ ಆಫ್ ಅಟಾರ್ನಿಗೆ ಸಂಬಂಧಿಸಿದ್ದು. ಸಾಮಾನ್ಯ ಪತ್ರಗಳಿಗೆ ಚಿಕ್ಕ ನಿಗದಿತ ಮೊತ್ತ ಸಾಕು. 2024ರ ಫೆಬ್ರವರಿಯಲ್ಲಿ ದರಗಳು ಏರಿವೆ, ಹಾಗಾಗಿ ಹಳೆಯ 100 ರೂಪಾಯಿ ಲೆಕ್ಕದಲ್ಲಿ ಇ-ಸ್ಟಾಂಪ್ ತೆಗೆಸಬೇಡಿ.

ದೊಡ್ಡ ವ್ಯತ್ಯಾಸ ಬರುವುದು ಕರ್ನಾಟಕದ ಸ್ಥಿರಾಸ್ತಿ ಮಾರುವ ಅಧಿಕಾರ ಕೊಡುವಾಗ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವರಲ್ಲಿ ಒಬ್ಬರಿಗೆ ಕೊಟ್ಟರೆ ನಿಗದಿತ ಚಿಕ್ಕ ಶುಲ್ಕ. ಈ ಪಟ್ಟಿಯಿಂದ ಹೊರಗಿನವರಿಗೆ ಕೊಟ್ಟರೆ ಆಸ್ತಿಯ ಮಾರುಕಟ್ಟೆ ಮೌಲ್ಯದ ಮೇಲೆ ಶೇ 5. ಎಂದರೆ 80 ಲಕ್ಷದ ಫ್ಲ್ಯಾಟಿಗೆ 4 ಲಕ್ಷ ರೂಪಾಯಿ. ಅಳಿಯ, ಸೊಸೆ, ಭಾವಮೈದುನ, ಚಿಕ್ಕಪ್ಪನ ಮಗ ಇವರೆಲ್ಲ ಮನೆಯವರೇ ಆದರೂ ಈ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿರುವವರು ಬೆಂಗಳೂರಿನ ಭಾವನ ಹೆಸರಿಗೆ ಪತ್ರ ಮಾಡಿ ಕಳಿಸಿ, ಇಲ್ಲಿ ಬಂದ ಮೇಲೆ ಈ ಲೆಕ್ಕ ಕೇಳಿ ಎದೆ ಒಡೆದುಕೊಳ್ಳುವುದಕ್ಕಿಂತ ಅಪ್ಪನ ಅಥವಾ ಅಕ್ಕನ ಹೆಸರಿಗೇ ಮಾಡುವುದು ಒಳ್ಳೆಯದು. ಸಂಬಂಧವನ್ನು ಪತ್ರದಲ್ಲೇ ‘ನನ್ನ ಸ್ವಂತ ಅಕ್ಕನವರಾದ’ ಎಂದು ಬರೆದು, ಅದಕ್ಕೊಂದು ದಾಖಲೆಯನ್ನೂ ಕೈಯಲ್ಲಿಟ್ಟುಕೊಳ್ಳಿ.

ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಒಪ್ಪಿಸಬೇಕೆಂದರೆ ಬಾಕಿ ಶುಲ್ಕದ ಜತೆಗೆ ಅದರ ಹತ್ತು ಪಟ್ಟು ದಂಡ ಬೀಳಬಹುದು.

ನೋಟರಿ ಸಾಕೇ?

ಸ್ಥಿರಾಸ್ತಿಯ ನೋಂದಣಿ ಕೆಲಸಕ್ಕಾದರೆ ಸಾಲದು. ಭಾರತದಲ್ಲೇ ವಾಸಿಸುವವರು ತಮ್ಮ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಲು ಇನ್ನೊಬ್ಬರಿಗೆ ಕೊಡುವ ಪವರ್, ತಾವು ವಾಸಿಸುವ ವ್ಯಾಪ್ತಿಯ ರಿಜಿಸ್ಟ್ರಾರ್ ಅಥವಾ ಸಬ್ ರಿಜಿಸ್ಟ್ರಾರ್ ಮುಂದೆ ಬರೆದು ದೃಢೀಕರಿಸಿದ್ದಾಗಿರಬೇಕು ಎನ್ನುತ್ತದೆ 1908ರ ನೋಂದಣಿ ಕಾಯಿದೆಯ 33ನೇ ಕಲಂ. ಕೋರ್ಟಿನ ಎದುರಿನ ಮೇಜಿನಲ್ಲಿ ನೋಟರಿ ಮಾಡಿಸಿದ ಜಿಪಿಎ ಬಾಡಿಗೆ, ಸಂಘ, ಕೆಲವು ಕಚೇರಿ ಓಡಾಟಕ್ಕೆ ನಡೆಯುತ್ತದೆ. ಕ್ರಯಪತ್ರದ ದಿನ ಕೈಕೊಡುತ್ತದೆ.

ಬೆಂಗಳೂರಿನಲ್ಲಿ ಬಸವನಗುಡಿ, ಗಾಂಧಿನಗರ, ಜಯನಗರ, ರಾಜಾಜಿನಗರ, ಶಿವಾಜಿನಗರ ಎಂದು ಐದು ನೋಂದಣಿ ಜಿಲ್ಲೆಗಳಿವೆ, ಪ್ರತಿಯೊಂದರ ಕೆಳಗೂ ಹಲವು ಸಬ್ ರಿಜಿಸ್ಟ್ರಾರ್ ಕಚೇರಿಗಳು. ಈ ಪತ್ರಕ್ಕೆ ಆಸ್ತಿ ಎಲ್ಲಿದೆ ಎಂಬುದಕ್ಕಿಂತ ಕೊಡುವವರು ಎಲ್ಲಿ ವಾಸವಿದ್ದಾರೆ ಎಂಬುದು ಮುಖ್ಯ. ಆಧಾರ್ ವಿಳಾಸ ಊರಿನದಿದ್ದರೆ ಬೆಂಗಳೂರಿನ ವಾಸದ ಪುರಾವೆ ಒಯ್ಯಿರಿ.

ಕೆಲಸ ಸಾಗುವ ಬಗೆ ಇದು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಲಾಗಿನ್ ಮಾಡಿ ದಸ್ತಾವೇಜಿನ ಬಗೆಯನ್ನು ಆರಿಸಿ, ಎರಡೂ ಕಡೆಯವರ ವಿವರ, ಸಂಬಂಧ, ಆಸ್ತಿಯ ವಿವರ ತುಂಬಿ ಕರಡನ್ನು ಅಪ್‌ಲೋಡ್ ಮಾಡಬೇಕು. ಕಚೇರಿಯವರು ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಎಷ್ಟೆಂದು ಅಲ್ಲೇ ತೋರಿಸುತ್ತದೆ, ಕಟ್ಟಿದ ನಂತರ ಸಮಯ ಕಾಯ್ದಿರಿಸಿ. ಹೋಗುವ ದಿನ ಕೊಡುವವರು, ಪಡೆಯುವವರು, ಇಬ್ಬರು ಸಾಕ್ಷಿಗಳು ಎಲ್ಲರೂ ಮೂಲ ಗುರುತಿನ ಚೀಟಿಯೊಂದಿಗೆ ಬರಲಿ. ಫೋಟೋ, ಹೆಬ್ಬೆಟ್ಟು, ಸಹಿ ಅಲ್ಲೇ ಆಗುತ್ತದೆ. ಜಾಲತಾಣದಲ್ಲಿ ತುಂಬಿದ ಹೆಸರಿಗೂ ಕರಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಅರ್ಜಿ ವಾಪಸ್ ಬರುತ್ತದೆ. ತುಂಬುವವರ ಪಕ್ಕದಲ್ಲೇ ಕೂತು ನೋಡಿ.

ಹಾಸಿಗೆ ಹಿಡಿದವರನ್ನು ಆಂಬುಲೆನ್ಸಿನಲ್ಲಿ ಕಚೇರಿಗೆ ಹೊತ್ತು ತರಬೇಕಿಲ್ಲ. ದೇಹದ ಅಶಕ್ತಿಯಿಂದ ಬರಲಾಗದವರಿಗೆ ಹಾಜರಾತಿಯಿಂದ ವಿನಾಯಿತಿ ಇದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಕೊಟ್ಟರೆ ಅಧಿಕಾರಿ ಮನೆಗೆ ಬಂದು ಅಥವಾ ಕಮಿಷನ್ ಮೂಲಕ ವಿಚಾರಿಸಿಕೊಂಡು ದೃಢೀಕರಿಸುವ ಅವಕಾಶ ಕಾಯಿದೆಯಲ್ಲೇ ಇದೆ. ಇದನ್ನು ಕೇಳಿ ಪಡೆಯಿರಿ.

ಹೊರದೇಶದಿಂದ ಬರುವ ಪತ್ರ

ಹೊರದೇಶದಲ್ಲಿರುವವರಿಗೆ 33ನೇ ಕಲಂ ಬೇರೆ ದಾರಿ ಕೊಟ್ಟಿದೆ: ಅಲ್ಲಿನ ಭಾರತೀಯ ಕಾನ್ಸುಲೇಟ್, ನೋಟರಿ ಅಥವಾ ನ್ಯಾಯಾಲಯದ ಮುಂದೆ ಸಹಿ. ನಮ್ಮ ದೃಷ್ಟಿಯಲ್ಲಿ ಕಾನ್ಸುಲೇಟೇ ಉತ್ತಮ. ಇಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಕಾನ್ಸುಲೇಟ್ ದೂರವಾದರೆ ಸ್ಥಳೀಯ ನೋಟರಿಯ ಮುಂದೆ ಸಹಿ ಹಾಕಿ ಅಪಾಸ್ಟಿಲ್ (ಒಪ್ಪಂದ ಮಾಡಿಕೊಂಡ ದೇಶಗಳು ಪರಸ್ಪರ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಬಹುದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರ ಈ ಒಪ್ಪಂದದಲ್ಲಿವೆ, ಕೆನಡಾ 2024ರ ಜನವರಿಯಿಂದ ಸೇರಿದೆ. ಪ್ರತಿ ಪುಟಕ್ಕೂ ಸಹಿ, ಫೋಟೋ, ಪಾಸ್‌ಪೋರ್ಟ್ ಸಂಖ್ಯೆ ಇರಬೇಕು. ಸ್ಕ್ಯಾನ್ ಪ್ರತಿ ನಡೆಯುವುದಿಲ್ಲ, ಮೂಲವನ್ನೇ ಕೊರಿಯರ್ ಮಾಡಬೇಕು.

ಪತ್ರ ಕರ್ನಾಟಕಕ್ಕೆ ಬಂದು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಇಲ್ಲಿನ ಛಾಪಾ ಶುಲ್ಕ ಕಟ್ಟಿಸಿ ಮುದ್ರೆ ಹಾಕಿಸಬೇಕು. ಎಣಿಕೆ ಸಹಿಯಾದ ದಿನದಿಂದಲ್ಲ, ಬಂದ ದಿನದಿಂದ. ಅದಕ್ಕೇ ಕೊರಿಯರ್ ಲಕೋಟೆಯನ್ನು ಬಿಸಾಡಬೇಡಿ. ಅದರ ಮೇಲಿನ ದಿನಾಂಕವೇ ನಿಮ್ಮ ಪುರಾವೆ.

ಬಳಸುವಾಗ

ಕ್ರಯಪತ್ರದಲ್ಲಿ ಮಾರುವವರ ಜಾಗದಲ್ಲಿ ಮಾಲೀಕರ ಹೆಸರು ಬಂದು, ‘ಇವರ ಪರವಾಗಿ ಇವರ ಜಿಪಿಎ ಹೋಲ್ಡರ್ ಇಂಥವರು’ ಎಂದು ಮುಂದುವರಿಯಬೇಕು. ಪತ್ರದ ನೋಂದಣಿ ಸಂಖ್ಯೆ, ದಿನಾಂಕ ಸಹಿತ. ಮಾಲೀಕರು ಜೀವಂತವಾಗಿದ್ದಾರೆ, ಪತ್ರ ರದ್ದಾಗಿಲ್ಲ ಎಂಬ ಅಫಿಡವಿಟ್ ಸಿದ್ಧವಿಟ್ಟುಕೊಳ್ಳಿ.

ತೆರಿಗೆಯಲ್ಲಿ ಆಗುವ ದೊಡ್ಡ ಎಡವಟ್ಟು ಪ್ಯಾನ್‌ದು. ಟಿಡಿಎಸ್ (ಕೊಳ್ಳುವವರು ಬೆಲೆಯಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಟ್ಟುವಾಗ ಮಾಲೀಕರ ಪ್ಯಾನ್ ಹಾಕಬೇಕು, ಹೋಲ್ಡರ್‌ದಲ್ಲ. ಮಾಲೀಕರು ಎನ್‌ಆರ್‌ಐ ಆಗಿದ್ದರೆ 50 ಲಕ್ಷ ಮತ್ತು ಮೇಲಿನ ಆಸ್ತಿಗೆ ಹಿಡಿಯುವ ಶೇ 1ರ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ, ದರ ಅದಕ್ಕಿಂತ ಬಹಳ ಹೆಚ್ಚು. ಹೋಲ್ಡರ್ ಬೆಂಗಳೂರಿನವರೆಂದು ಶೇ 1 ಹಿಡಿದರೆ ನೋಟಿಸು ಬರುವುದು ಕೊಂಡವರಿಗೆ.

ಬ್ಯಾಂಕುಗಳು ಸಾಮಾನ್ಯವಾಗಿ ತಮ್ಮದೇ ನಮೂನೆ ಕೇಳುತ್ತವೆ. ಕೊಡುವವರು ಇಲ್ಲಿರುವಾಗಲೇ ಶಾಖೆಗೆ ಹೋಗಿ ದಾಖಲಿಸಿ. ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದ ಗಳಿಕೆಗೆಂದು ಅನಿವಾಸಿ ಭಾರತೀಯರು ಇಲ್ಲಿ ಇಡುವ ಖಾತೆ) ಇಲ್ಲಿನ ಹೋಲ್ಡರ್ ಸ್ಥಳೀಯ ಪಾವತಿ ಮಾಡಬಹುದು, ಖಾತೆದಾರರಿಗೇ ಹಣ ಕಳಿಸಬಹುದು. ಅವರ ಪರವಾಗಿ ಉಡುಗೊರೆ ಕೊಡುವಂತಿಲ್ಲ.

ಜಿಪಿಎ ಮೇಲೆ ಕೊಳ್ಳುವವರಿಗೆ

ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿದೆ, ಏನೂ ತೊಂದರೆ ಇಲ್ಲ ಎಂದು ಸುಮ್ಮನಾಗಬೇಡಿ. ಇಸಿ ಬರುವುದು ನೋಂದಣಿ ಕಚೇರಿಯ ಸ್ಥಿರಾಸ್ತಿಯ 1ನೇ ಪುಸ್ತಕದಿಂದ. ಪವರ್ ಆಫ್ ಅಟಾರ್ನಿ ಸಾಮಾನ್ಯವಾಗಿ ದಾಖಲಾಗುವುದು 4ನೇ ಪುಸ್ತಕದಲ್ಲಿ. ನೋಂದಣಿ ಸಂಖ್ಯೆಯಲ್ಲಿ ಕಚೇರಿಯ ಮೂರಕ್ಷರದ ಗುರುತಿನ ನಂತರ ಬರುವ ಅಂಕಿಯೇ ಪುಸ್ತಕದ್ದು: 1 ಇದ್ದರೆ ಅದು, 4 ಇದ್ದರೆ ಇದು. 4ನೇ ಪುಸ್ತಕದ ನಕಲು ಎಲ್ಲರಿಗೂ ಸಿಗುವುದಿಲ್ಲ, ಬರೆದುಕೊಟ್ಟವರಿಗೆ ಅಥವಾ ಅದರಡಿ ಹಕ್ಕು ಪಡೆದವರಿಗೆ ಮಾತ್ರ. ಆದ್ದರಿಂದ ಹೊಸದಾಗಿ ತೆಗೆದ ದೃಢೀಕೃತ ನಕಲನ್ನು ಹೋಲ್ಡರ್ ಮೂಲಕವೇ ತರಿಸಿ, ಮೂಲದೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ. ಮಾಲೀಕರೊಂದಿಗೆ ವಿಡಿಯೊ ಕರೆಯಲ್ಲಿ ನೇರವಾಗಿ ಮಾತಾಡಿ, ಬೆಲೆಯನ್ನು ಅವರ ಬಾಯಲ್ಲೇ ಕೇಳಿ.

ಜಿಪಿಎ, ಕರಾರು, ಅಫಿಡವಿಟ್, ಉಯಿಲು ಎಲ್ಲ ಸೇರಿಸಿ ಸೈಟನ್ನೇ ‘ಮಾರುವ’ ಪದ್ಧತಿ ಬೆಂಗಳೂರಿನ ರೆವಿನ್ಯೂ ಬಡಾವಣೆಗಳಲ್ಲಿ ದಶಕಗಟ್ಟಲೆ ನಡೆದಿದೆ. ಅಂಥ ವ್ಯವಹಾರದಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರಿನಲ್ಲಿ ಹೇಳಿತು. ಮನೆಯವರಿಗೆ ನಿಜವಾಗಿ ಕೆಲಸಕ್ಕೆಂದು ಕೊಟ್ಟ ಜಿಪಿಎಗೆ ಆ ತೀರ್ಪಿನಿಂದ ಬಾಧೆಯಿಲ್ಲ ಎಂದೂ ಹೇಳಿದೆ.

2025ರ ಫೆಬ್ರವರಿಯ ಇನ್ನೊಂದು ತೀರ್ಪು ನಮ್ಮ ಉತ್ತರಹಳ್ಳಿ ಹೋಬಳಿಯ ಚುಂಚಘಟ್ಟದ ಜಮೀನಿನದು. 1986ರಲ್ಲಿ ಮಾಲೀಕರು ರದ್ದು ಮಾಡಲಾಗದ ಜಿಪಿಎ ಮತ್ತು ನೋಂದಣಿಯಾಗದ ಕರಾರು ಬರೆದುಕೊಟ್ಟಿದ್ದರು. 1997ರ ಜನವರಿಯಲ್ಲಿ ಅವರು ತೀರಿಕೊಂಡರು. 1998ರ ಏಪ್ರಿಲ್‌ನಲ್ಲಿ ಹೋಲ್ಡರ್ ಅದೇ ಜಿಪಿಎ ಬಲದ ಮೇಲೆ ತಮ್ಮ ಮಗನಿಗೆ ಕ್ರಯಪತ್ರ ಮಾಡಿಕೊಟ್ಟರು. ಆ ಕ್ರಯ ನಿಲ್ಲಲಿಲ್ಲ. ‘ರದ್ದು ಮಾಡಲಾಗದ’ ಎಂದು ಬರೆದ ಮಾತ್ರಕ್ಕೆ ಪತ್ರ ಹಾಗಾಗುವುದಿಲ್ಲ, ಹೋಲ್ಡರ್‌ಗೆ ಆ ಆಸ್ತಿಯಲ್ಲಿ ಕಾನೂನು ಒಪ್ಪುವ ಹಿತಾಸಕ್ತಿ ಇರಬೇಕು ಎಂದಿತು ಕೋರ್ಟು.

ನಿಮ್ಮ ಕೈಯಲ್ಲಿ ಇಂಥ ಹಳೆಯ ಜಿಪಿಎ ಸೈಟ್ ಇದ್ದು ಮೂಲ ಮಾಲೀಕರು ಬದುಕಿದ್ದರೆ, ಈ ವಾರವೇ ಅವರನ್ನು ಕಂಡು ನೇರ ಕ್ರಯಪತ್ರದ ಮಾತು ಎತ್ತಿ. ತೀರಿಕೊಂಡಿದ್ದರೆ ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರ ಸಹಿ ಪಡೆಯಬೇಕಾಗುತ್ತದೆ.

ಮರೆವಿನ ಕಾಯಿಲೆ, ಕೋಮಾ

ಅಪ್ಪನಿಗೆ ಮರೆವು ಜಾಸ್ತಿಯಾಗಿದೆ, ಒಂದು ಜಿಪಿಎ ಮಾಡಿಸಿಬಿಡೋಣ ಎನ್ನುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಸ್ವಾಧೀನ ತಪ್ಪಿದ ಮೇಲೆ ಹೊಸ ಪತ್ರ ಮಾಡಲಾಗದು, ಮೊದಲೇ ಮಾಡಿದ್ದೂ ನಿಲ್ಲುವುದಿಲ್ಲ. ಕಾಯಿಲೆಯ ಆರಂಭದಲ್ಲಿ, ವ್ಯವಹಾರ ಇನ್ನೂ ಅರ್ಥವಾಗುತ್ತಿರುವಾಗ ಮಾಡುವುದಾದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ ಇರಲಿ. ಅದಕ್ಕಿಂತ ಬ್ಯಾಂಕ್ ಖಾತೆಗಳನ್ನು ‘ಯಾರಾದರೊಬ್ಬರು ಅಥವಾ ಉಳಿದವರು’ ಎಂಬ ಜಂಟಿ ಖಾತೆ ಮಾಡಿಸುವುದು, ನಾಮಿನಿ ಸರಿಪಡಿಸುವುದು ಹೆಚ್ಚು ಉಪಯೋಗ. ಪ್ರಜ್ಞೆ ತಪ್ಪಿದವರ ಆಸ್ತಿಯನ್ನು ಚಿಕಿತ್ಸೆಗಾಗಿ ಮಾರಬೇಕಾದ ಪರಿಸ್ಥಿತಿ ಬಂದರೆ ಹೈಕೋರ್ಟಿಗೆ ಅರ್ಜಿ ಹಾಕಿ ಪಾಲಕರ ನೇಮಕ ಕೋರಬೇಕು.

ರದ್ದು ಮಾಡುವುದು

ಬಾಯಿಮಾತಿನಲ್ಲಿ ‘ಇನ್ನು ಬೇಡ’ ಎಂದರೆ ಸಾಲದು, ಪತ್ರವನ್ನು ಹರಿದುಹಾಕಿದರೂ ಸಾಲದು. ರದ್ದತಿ ಪತ್ರ ಬರೆಸಿ, ಮೂಲ ಜಿಪಿಎ ನೋಂದಣಿಯಾಗಿದ್ದರೆ ಅದೇ ಕಚೇರಿಯಲ್ಲಿ ಹಳೆಯ ಸಂಖ್ಯೆ ನಮೂದಿಸಿ ನೋಂದಾಯಿಸಿ. ನಂತರ ಹೋಲ್ಡರ್‌ಗೆ ಸ್ವೀಕೃತಿ ಸಹಿತ ಅಂಚೆಯಲ್ಲಿ ನೋಟಿಸು ಕಳಿಸಿ, ಮೂಲ ಪತ್ರ ಮತ್ತು ಲೆಕ್ಕ ವಾಪಸ್ ಕೇಳಿ. ರದ್ದತಿ ಹೋಲ್ಡರ್ ಮಟ್ಟಿಗೆ ಜಾರಿಯಾಗುವುದು ಅವರಿಗೆ ತಿಳಿದಾಗ, ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಾಗ ಎನ್ನುತ್ತದೆ ಕರಾರು ಕಾಯಿದೆಯ 208ನೇ ಕಲಂ. ಆ ನಡುವೆ ಗೊತ್ತಿಲ್ಲದೆ ವ್ಯವಹರಿಸಿದವರಿಗೆ ರಕ್ಷಣೆ ಇದೆ.

ಹಾಗಾಗಿ ಬ್ಯಾಂಕ್ ಶಾಖೆ, ಬಾಡಿಗೆದಾರರು, ಅಪಾರ್ಟ್‌ಮೆಂಟ್ ಸಂಘ, ಮಾತುಕತೆ ನಡೆಸುತ್ತಿದ್ದ ಬ್ರೋಕರ್, ಆಸ್ತಿಯ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಎಲ್ಲರಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾರಾಟದ ಅಧಿಕಾರ ಕೊಟ್ಟಿದ್ದರೆ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು, ಆ ದಿನದ ಪೂರ್ತಿ ಪುಟಗಳನ್ನು ರದ್ದತಿ ಪತ್ರದ ಜತೆಯಲ್ಲೇ ಇಡಿ.